ಜೀತದ ಕಾಯಿದೆಯೂ ಒಂದು ಟಾರ್ಚಿನ ಕಳವೂ

ಹೋದ ತಿಂಗಳು ಭೇರ್ಯದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ನಡುವೆ ವಾಗ್ವಾದ ನಡೆದಿತ್ತು. ಒಬ್ಬನಿಗೆ ಹಾಸನ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲವೆಂದು ದಂಡ ಬಿದ್ದಿತ್ತು. ಅವನ ಕಣ್ಣೆದುರಿಗೇ ಮರಳು ತುಂಬಿದ ಟಿಪ್ಪರ್ ಒಂದು ನಿಲ್ಲದೆ ಹೋಯಿತಂತೆ. "ಸಾರ್, ಯಾವ ಕಾನೂನು ಹಿಡೀಬೇಕು, ಯಾವುದು ಬಿಡಬೇಕು ಅಂತ ಠಾಣೆಯವರೇ ತೀರ್ಮಾನ ಮಾಡೋದಾದ್ರೆ ವಿಧಾನಸೌಧ ಯಾಕೆ ಬೇಕು?" ಎಂದು ನನ್ನನ್ನೇ ಕೇಳಿದ. ಇನ್ನೊಬ್ಬ ವಕೀಲಿ ಮಾಡುವವನು. "ಎಲ್ಲಾನೂ ಹಿಡಿದ್ರೆ ನೀನೂ ಇಲ್ಲಿ ಕೂತಿರ್ತಿರಲಿಲ್ಲ, ನಾನೂ ಕೂತಿರ್ತಿರಲಿಲ್ಲ" ಎಂದು ನಕ್ಕ. ನಾನು ನಗಲಿಲ್ಲ. ಆ ಮಾತನ್ನೇ, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ಮೂವತ್ತೈದು ವರ್ಷಗಳಿಗೂ ಹಿಂದೆ ಒಬ್ಬ ದಫೇದಾರರ ಬಾಯಿಂದ ಕೇಳಿದ್ದೆ. ಅದನ್ನು ಹೇಳುವ ಮೊದಲು ಕೊಂಚ ಹಿಂದಕ್ಕೆ ಹೋಗಬೇಕು.

1975ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಜೀತಪದ್ಧತಿಯನ್ನು ರದ್ದುಮಾಡುವ ಸುಗ್ರೀವಾಜ್ಞೆ ಹೊರಡಿಸಿತು. ತುರ್ತುಪರಿಸ್ಥಿತಿಯ ಕಾಲ, ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಅದೂ ಒಂದು. ನಾನಾಗ ಎಂಟನೆಯ ತರಗತಿಯ ಹುಡುಗ. ಊರಿನಲ್ಲಿ ಸಂಜೆ ತಮಟೆ ಹೊಡೆದು, ಇನ್ನು ಮುಂದೆ ಯಾರೂ ಯಾರನ್ನೂ ಜೀತಕ್ಕೆ ಇಟ್ಟುಕೊಳ್ಳಕೂಡದು, ಹಳೆಯ ಸಾಲವೆಲ್ಲ ವಜಾ ಎಂದು ಸಾರಿದ್ದು ನೆನಪಿದೆ. ತಮಟೆ ಹೊಡೆದವನ ಹಿರಿಯ ಮಗನೇ ಅದೇ ಬೀದಿಯ ಯಜಮಾನರೊಬ್ಬರ ಕೊಟ್ಟಿಗೆಯಲ್ಲಿ ಜೀತಕ್ಕಿದ್ದ. ಮರುದಿನ ಬೆಳಿಗ್ಗೆಯೂ ಅವನು ಸಗಣಿ ಬಾಚುತ್ತಿದ್ದ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಹುಡುಗನಾದ ನನಗೆ ಹೊಳೆಯಲಿಲ್ಲ, ಹಿರಿಯರಿಗೂ ಹೊಳೆದಂತೆ ಕಾಣಲಿಲ್ಲ.

ಆಗ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. 1974ರಲ್ಲಿ ಭೂಸುಧಾರಣೆ, 1976ರಲ್ಲಿ ಋಣಪರಿಹಾರ ಕಾಯಿದೆ, ಅದೇ ವರ್ಷದ ಫೆಬ್ರವರಿಯಲ್ಲಿ ಸಂಸತ್ತಿನ ಜೀತಪದ್ಧತಿ (ರದ್ದತಿ) ಕಾಯಿದೆ: ಮೂರೂ ಒಂದರ ಹಿಂದೊಂದು ಬಂದುವು. ಅರಸರ ಸ್ವಂತ ಸೀಮೆಯಾದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಜೀತ ಎಂಬುದು ಬೇಸಾಯದ ನೇಗಿಲು, ಹಗ್ಗಗಳಷ್ಟೇ ಸಹಜವಾದ ಸಂಗತಿಯಾಗಿತ್ತು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಮದುವೆಗೋ ಕಾಯಿಲೆಗೋ ಮುಂಗಡ ತೆಗೆದುಕೊಂಡ ತಂದೆ ಮಗನನ್ನು ಬಿಟ್ಟುಬರುತ್ತಿದ್ದ. ಮಗ ಹೊತ್ತಿಗೆ ಮುದ್ದೆ, ವರ್ಷಕ್ಕೊಂದು ಜೊತೆ ಬಟ್ಟೆಗೆ ದುಡಿಯುತ್ತಿದ್ದ. ಸಾಲ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು.

ಕಾನೂನಿನ ಕೊರತೆ ಅದಕ್ಕೂ ಮೊದಲೇ ಇರಲಿಲ್ಲ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಕುತೂಹಲದ ವಿಷಯ. ಒಬ್ಬನ ಇಚ್ಛೆಗೆ ವಿರುದ್ಧವಾಗಿ ದುಡಿಸಿಕೊಳ್ಳುವುದು 1860ರ ಭಾರತ ದಂಡಸಂಹಿತೆಯ 374ನೇ ಕಲಮಿನಂತೆ ಅಪರಾಧ. 1950ರ ಸಂವಿಧಾನದ 23ನೇ ಅನುಚ್ಛೇದ ಬಿಟ್ಟಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಆದರೆ ದಂಡಸಂಹಿತೆಗೆ ಒಂದೇ ವರ್ಷ ಮೊದಲು, 1859ರಲ್ಲಿ, ಬ್ರಿಟಿಷರು ಇನ್ನೊಂದು ಕಾಯಿದೆ ತಂದಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟು ಓಡಿದ ಕೂಲಿಯವನನ್ನು ಹಿಡಿತರಿಸಿ, ಒಂದೋ ಹಣ ಕಟ್ಟು ಇಲ್ಲವೇ ದುಡಿ, ಎರಡೂ ಆಗದಿದ್ದರೆ ಸೆರೆಮನೆಗೆ ನಡೆ ಎನ್ನುವ ಅಧಿಕಾರವನ್ನು ಅದು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ತೋಟದ ದೊರೆಗಳಿಗೆ ಪ್ರಿಯವಾಗಿದ್ದ ಆ ಕಾಯಿದೆ ರದ್ದಾದುದು 1926ರ ಏಪ್ರಿಲ್ 1ರಿಂದ. ಅಂದರೆ ಅರವತ್ತು ವರ್ಷಕ್ಕೂ ಮಿಕ್ಕಿದ ಕಾಲ, ಓಡಿದ ಆಳನ್ನು ಹಿಡಿಯುವ ಕಾನೂನೂ ಬಲವಂತದ ದುಡಿಮೆಯನ್ನು ದಂಡಿಸುವ ಕಾನೂನೂ ಒಟ್ಟಿಗೇ ಜಾರಿಯಲ್ಲಿದ್ದುವು. ಯಾವುದನ್ನು ಎತ್ತಿಕೊಳ್ಳುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪೊಲೀಸ್ ಎಂದರೆ ಮೊದಲು ಪಟೇಲರು, ಅವರ ಕೈಕೆಳಗೆ ತಳವಾರ, ತೋಟಿ. 1908ರ ಗ್ರಾಮಾಧಿಕಾರಗಳ ಕಾಯಿದೆ ಈ ವಂಶಪಾರಂಪರ್ಯದ ಹುದ್ದೆಗಳಿಗೆ ಅಚ್ಚುಕಟ್ಟಾದ ರೂಪ ಕೊಟ್ಟಿತು. 1961ರ ಕಾಯಿದೆ ಅವನ್ನು ರದ್ದುಮಾಡಿತು. ಪಟೇಲರೇ ಅನೇಕ ಕಡೆ ಊರಿನ ದೊಡ್ಡ ಹಿಡುವಳಿದಾರರು. ಜೀತಕ್ಕೆ ಇಟ್ಟುಕೊಂಡವರೂ ಅವರೇ, ಜೀತದಾಳು ಓಡಿದರೆ ಹುಡುಕಿಸುವವರೂ ಅವರೇ. ಖಾಕಿ ತೊಟ್ಟವರು ಬಂದ ಮೇಲೂ ಊರಿನ ಸಮಾಚಾರ ತಿಳಿಯಲು ಅವರು ಹೋಗಿ ಕೂರುತ್ತಿದ್ದುದು ಅದೇ ಜಗಲಿಯ ಮೇಲೆ.

ಈಗ ದಫೇದಾರರ ವಿಷಯ. 1988. ನಾನು ಬಿ.ಎಡ್. ಮುಗಿಸಿ ಈ ತಾಲ್ಲೂಕುಗಳ ಪೈಕಿ ಒಂದರ ಪ್ರೌಢಶಾಲೆಯಲ್ಲಿ ಮೇಷ್ಟರಾಗಿ ನಾಲ್ಕು ವರ್ಷವಾಗಿತ್ತು. ಊರಿನ ಹೆಸರು, ಠಾಣೆಯ ಹೆಸರು ಬೇಡ. ಸಂಬಂಧಪಟ್ಟವರಲ್ಲಿ ಹಲವರು ಈಗಿಲ್ಲ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಭೂಪಟ ಬರೆಯುವುದರಲ್ಲಿ ಅವನಂಥವನನ್ನು ನಾನು ಮತ್ತೆ ಕಾಣಲಿಲ್ಲ. ಕಾವೇರಿಯನ್ನು ತಲಕಾವೇರಿಯಿಂದ ಪೂಂಪುಹಾರಿನವರೆಗೆ ಕೈಯೆತ್ತದೆ ಎಳೆಯುತ್ತಿದ್ದ. ಯುಗಾದಿ ಕಳೆದು ಶಾಲೆ ಮತ್ತೆ ತೆರೆದಾಗ ಅವನು ಬರಲಿಲ್ಲ. ತಂದೆ ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರ ಬಳಿ ಮುಂಗಡ ಪಡೆದು ಅವನನ್ನು ಬಿಟ್ಟಿದ್ದನೆಂದು ಹುಡುಗರು ಹೇಳಿದರು. ಕೆಲವು ವಾರ ಹಾಜರಿ ಪುಸ್ತಕದಲ್ಲಿ ಗೈರು ಹಾಕಿ, ನಿಯಮದಂತೆ ಹೆಸರು ತೆಗೆದೆ.

ನವೆಂಬರಿನ ಒಂದು ರಾತ್ರಿ ಅವನ ತಾಯಿ ಅಳುತ್ತ ನಮ್ಮ ಮನೆಗೆ ಬಂದಳು. ಹುಡುಗ ಬ್ಯಾರನ್ನಿನ ಬೆಂಕಿ ಕಾಯುವ ಕೆಲಸದಿಂದ ತಪ್ಪಿಸಿಕೊಂಡು ಓಡಿಬಂದಿದ್ದ. ಕತ್ತಲ ದಾರಿಗೆ ಅಲ್ಲಿದ್ದ ಟಾರ್ಚನ್ನು ಹಿಡಿದುಕೊಂಡು ಬಂದಿದ್ದ. ಬೆಳಗಾಗುವಷ್ಟರಲ್ಲಿ ಯಜಮಾನರ ದೂರು ಠಾಣೆ ಮುಟ್ಟಿತ್ತು. ತಂದೆಮಗ ಇಬ್ಬರೂ ಠಾಣೆಯ ಜಗಲಿಯ ಮೇಲಿದ್ದರು.

ನಾನು ಹೋದೆ. ದಫೇದಾರರು ಕೆಟ್ಟವರಲ್ಲ. ಹುಡುಗನನ್ನು ಯಾರೂ ಹೊಡೆದಿರಲಿಲ್ಲ. ಅವರೇ ಟೀ ಬನ್ನು ತರಿಸಿಕೊಟ್ಟಿದ್ದರು. "ಜೀತ ಇಟ್ಟುಕೊಳ್ಳೋದು ತಪ್ಪಲ್ಲವೇ?" ಎಂದು ನಾನು ಅಳುಕುತ್ತಲೇ ಕೇಳಿದೆ. "ಮೇಷ್ಟ್ರೇ, ಅದು ತಹಸೀಲ್ದಾರರ ಕಾಯ್ದೆ, ನಮ್ದಲ್ಲ. ಎಲ್ಲಾ ಕಾನೂನೂ ಹಿಡಿದ್ರೆ ಈ ಊರಲ್ಲಿ ಹೊರಗೆ ಉಳಿಯೋರು ಯಾರು ಹೇಳಿ? ಹುಡುಗನ ಮೇಲೆ ಕಳ್ಳತನ ಬರೆದ್ರೆ ಅವನ ಬಾಳು ಹಾಳು. ರಾಜಿ ಮಾಡಿಸ್ತೀನಿ ಬಿಡಿ" ಎಂದರು. ರಾಜಿಯಾಯಿತು. ಯಜಮಾನರು ದೂರು ಹಿಂತೆಗೆದುಕೊಳ್ಳುವುದು, ಹುಡುಗ ಬರುವ ಯುಗಾದಿಯವರೆಗೆ ತಕರಾರಿಲ್ಲದೆ ದುಡಿಯುವುದು ಎಂದು ಮುಚ್ಚಳಿಕೆ ಬರೆದರು. ಓದು ಬಲ್ಲ ಸಾಕ್ಷಿ ಬೇಕಿತ್ತು. ನಾನು ರುಜು ಹಾಕಿದೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂದೇ ಆ ದಿನ ಮನೆಗೆ ಬಂದೆ.

ಜೀತದ ಕಾಯಿದೆಯನ್ನು ನಾನು ಮೊದಲ ಬಾರಿ ಪೂರ್ತಿಯಾಗಿ ಓದಿದ್ದು ಅದಾದ ಹಲವು ವರ್ಷಗಳ ಮೇಲೆ. ಅದರ 22ನೇ ಕಲಮಿನಂತೆ ಅಲ್ಲಿನ ಪ್ರತಿಯೊಂದು ಅಪರಾಧವೂ ಸಂಜ್ಞೇಯ, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ಕೈಹಾಕಬಹುದಾದದ್ದು. ವಿಚಾರಣೆಯ ಅಧಿಕಾರವನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು ಎಂದಿರುವುದರಿಂದ ತಹಸೀಲ್ದಾರರ ಹೆಸರು ಬಂದದ್ದು ನಿಜ. ಆದರೆ ಅದರಿಂದ ಠಾಣೆಯ ಕೈ ತೊಳೆದುಹೋಗುವುದಿಲ್ಲ. ಜೀತದ ಸಾಲ ಕಾಯಿದೆ ಬಂದ ಕ್ಷಣವೇ ಅಳಿಯಿತು. ಅಳಿದ ಸಾಲವನ್ನು ವಸೂಲು ಮಾಡಿಕೊಳ್ಳುವುದೇ ಅಪರಾಧ. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತಕ್ಕೆ ಬಲವಂತಪಡಿಸಿದವನಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿವರೆಗೆ ದಂಡ. ಕುಮ್ಮಕ್ಕು ಕೊಟ್ಟವನಿಗೂ ಅಷ್ಟೇ ಶಿಕ್ಷೆ. ನಾನು ರುಜು ಹಾಕಿದ್ದ ಕಾಗದ ಯಾವ ಜಾತಿಯದೆಂದು ಆಗ ತಿಳಿಯಿತು.

ಇನ್ನೊಂದನ್ನೂ ಗಮನಿಸಿದೆ. ಯಜಮಾನನ ವಸ್ತುವನ್ನು ಆಳು ಕದ್ದರೆ ಅಂದಿನ ದಂಡಸಂಹಿತೆಯ 381ನೇ ಕಲಮಿನಂತೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಿತ್ತು. ಆಳಿನ ವರ್ಷಗಳನ್ನೇ ಯಜಮಾನ ಕಸಿದುಕೊಂಡರೆ ಮೂರು. ಆದ್ದರಿಂದ ದಫೇದಾರರೊಬ್ಬರನ್ನೇ ದೂರುವುದು ಸರಿಯಲ್ಲ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ತೂಕ ಪುಸ್ತಕದಲ್ಲಿಯೇ ಇತ್ತು. ಶಾಲೆಯವರಾದ ನಾವಾದರೂ ಬೇರೆಯೇ? ಮಕ್ಕಳನ್ನು ಪ್ರಾಥಮಿಕ ಶಾಲೆಗೆ ಕಳಿಸದ ಪೋಷಕರ ಮೇಲೆ ಕ್ರಮ ಜರುಗಿಸಲು 1961ರ ಕಡ್ಡಾಯ ಶಿಕ್ಷಣ ಕಾಯಿದೆ ಇತ್ತು. ಅದರಡಿ ಯಾರಿಗಾದರೂ ದಂಡ ಬಿದ್ದದ್ದನ್ನು ನಾನು ಕಂಡಿಲ್ಲ, ಬಡವನಿಗೆ ದಂಡ ಹಾಕುವುದು ಬೇಡವೆಂದು ನಾವೂ ಸುಮ್ಮನಿದ್ದೆವು.

ಹಾಗಾದರೆ ಪೊಲೀಸರು ಪುಸ್ತಕದಲ್ಲಿದ್ದುದನ್ನೆಲ್ಲ ಕಣ್ಣುಮುಚ್ಚಿ ಜಾರಿಮಾಡಬೇಕೆ? ಹಾಗೆನ್ನಲು ಇತಿಹಾಸ ಬಿಡುವುದಿಲ್ಲ. 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ಟಿ. ಸಿದ್ದಲಿಂಗಯ್ಯನವರು ರಾಷ್ಟ್ರಧ್ವಜ ಹಾರಿಸಿದಾಗ ಮೈಸೂರು ಪೊಲೀಸರು ಅವರನ್ನು ಬಂಧಿಸಿದರು. ಎರಡು ವಾರ ಕಳೆದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಆಜ್ಞೆ ಇತ್ತು, ಜಾರಿಮಾಡಿದರು. ಅಂದು ಆ ಪೊಲೀಸರು ಬೇರೆ ಏನನ್ನಾದರೂ ಆರಿಸಿಕೊಂಡಿದ್ದರೆ ಎಂದು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ಅನ್ನಿಸುತ್ತಿತ್ತು. ಹಿಡಿಯುವುದರಲ್ಲಿ ಸಂಯಮ ಬೇಕೆಂದು ನ್ಯಾಯಾಲಯವೇ ಹೇಳಿದೆ: ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆದಿಡದೆ ಬಂಧಿಸಕೂಡದೆಂಬುದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಸೂಚನೆ.

ಬಂಧಿಸದೆ ಬಿಡುವುದು ಬೇರೆ, ಬರೆದುಕೊಳ್ಳದೆ ಬಿಡುವುದು ಬೇರೆ. ನನ್ನ ಅಭಿಪ್ರಾಯದಲ್ಲಿ ಗೆರೆ ಇರುವುದು ಇಲ್ಲಿ. ದಯೆಯಿಂದ ಬಿಟ್ಟಿದ್ದಕ್ಕೆ ದಾಖಲೆ ಇದ್ದರೆ ಮೇಲಿನವರು ನೋಡಬಹುದು, ಕೇಳಬಹುದು. ದಾಖಲೆಯೇ ಇಲ್ಲದ ದಯೆ ಯಾರ ಪಾಲಿಗೆ ಹೋಯಿತೆಂದು ಯಾರಿಗೆ ತಿಳಿಯಬೇಕು? ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ತೀರ್ಪಿತ್ತಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯ 1989ರ ಕಾಯಿದೆ ಅದಕ್ಕೂ ಮೊದಲೇ ಒಂದು ಹೆಜ್ಜೆ ಮುಂದೆ ಹೋಗಿತ್ತು. ಪರಿಶಿಷ್ಟರನ್ನು ಜೀತಕ್ಕೆ ಇಡುವುದು ಅದರಲ್ಲಿ ದೌರ್ಜನ್ಯ. ಬೇಕೆಂದೇ ಕರ್ತವ್ಯ ಮರೆತ ಸರ್ಕಾರಿ ನೌಕರನಿಗೆ, ಅವನು ಪರಿಶಿಷ್ಟನಲ್ಲದಿದ್ದರೆ, ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ. ನಾನು ಬಲ್ಲಂತೆ, ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೇ ಹೀಗೆ ನೇರವಾಗಿ ಅಪರಾಧವೆಂದು ಕರೆದ ಕಾನೂನುಗಳು ನಮ್ಮಲ್ಲಿ ಬಲು ಕಡಿಮೆ.

2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಾಗಿಲನ್ನು ಮತ್ತೆ ಸ್ವಲ್ಪ ತೆರೆದಿದೆ. ಮೂರು ವರ್ಷ ಅಥವಾ ಹೆಚ್ಚು, ಏಳಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಜೀತದ ಕಾಯಿದೆಯ ಗರಿಷ್ಠ ಶಿಕ್ಷೆ ಮೂರೇ ವರ್ಷ. ಸರಿಯಾಗಿ ಗೆರೆಯ ಮೇಲೆಯೇ ಬಂದು ನಿಂತಿದೆ. ಹದಿನಾಲ್ಕು ದಿನದಲ್ಲಿ ಜೀತದಾಳೊಬ್ಬನನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು.

ಇದು ಕೇವಲ ಕಾಗದದ ಜಗಳವಲ್ಲ. 2016ರ ಪುನರ್ವಸತಿ ಯೋಜನೆ ಬಿಡುಗಡೆಯಾದ ಜೀತದಾಳಿಗೆ ಒಂದು ಲಕ್ಷದಿಂದ ಮೂರು ಲಕ್ಷ ರೂಪಾಯಿವರೆಗೆ ನೆರವು ಗೊತ್ತುಮಾಡಿತು. ಆದರೆ ಪೂರ್ತಿ ಹಣವನ್ನು ಮೊಕದ್ದಮೆಯ ಫಲಿತಾಂಶಕ್ಕೆ ಕಟ್ಟಿಹಾಕಿತು. ಠಾಣೆಯಲ್ಲಿ ಮೊದಲ ಸಾಲು ಬರೆಯದಿದ್ದರೆ ಮೊಕದ್ದಮೆಯೇ ಇಲ್ಲ. ಕಿರಣ್ ಕಮಲ್ ಪ್ರಸಾದ್ ಅವರು ಕಟ್ಟಿದ 'ಜೀವಿಕ' ಸಂಘಟನೆಯಂಥವರು ದಶಕಗಳಿಂದ ಹಳ್ಳಿ ಹಳ್ಳಿ ಸುತ್ತಿ ಜೀತದಾಳುಗಳನ್ನು ಗುರುತಿಸುತ್ತ ಬಂದುದು ಈ ಮೊದಲ ಸಾಲಿಗಾಗಿಯೇ. ಬರೆಯುವ ಮನಸ್ಸು ಮಾಡಿದರೆ ಪೊಲೀಸರಿಗೆ ಅಸಾಧ್ಯವೇನೂ ಅಲ್ಲ. 2018ರ ಡಿಸೆಂಬರಿನಲ್ಲಿ ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಎತ್ತರದ ಗೋಡೆಯ ಒಳಗೆ ಕೂಡಿಹಾಕಿ ದುಡಿಸುತ್ತಿದ್ದ 52 ಮಂದಿಯನ್ನು ಪೊಲೀಸರೇ ಬಿಡಿಸಿದರು. ಗೋಡೆ ಹಾರಿ ಬಂದ ಒಬ್ಬನ ಮಾತನ್ನು ಅವರು ನಂಬಿದ್ದರು. ಅವನ ಮೇಲೆ ಕಳ್ಳತನದ ದೂರು ಬಂದಿರಲಿಲ್ಲವೋ, ಬಂದರೂ ಕೇಳಲಿಲ್ಲವೋ.

ನಮ್ಮ ಹುಡುಗ ಮುಚ್ಚಳಿಕೆಯಂತೆ ಯುಗಾದಿಯವರೆಗೆ ದುಡಿದು, ಕೊಡಗಿನ ಕಡೆ ತೋಟದ ಕೆಲಸಕ್ಕೆ ಹೋದ. ಸುಮಾರು ಇಪ್ಪತ್ತೆರಡು ವರ್ಷಗಳ ಮೇಲೆ ಶಾಲೆಗೆ ಬಂದ. ಯಾವುದೋ ಅರ್ಜಿಗೆ ವಯಸ್ಸಿನ ದಾಖಲೆ ಬೇಕಿತ್ತು. ತಲೆ ನರೆತಿತ್ತು, ನನಗಿಂತ ಹಿರಿಯನಂತೆ ಕಾಣುತ್ತಿದ್ದ. ನಾನು ವರ್ಗವಾಗಿ ಹೋಗಿ ಅದೇ ಶಾಲೆಗೆ ಮರಳಿದ್ದ ವರ್ಷ ಅದು. ದಾಖಲಾತಿ ಪುಸ್ತಕ ತೆಗೆದೆ. 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣದಲ್ಲಿ ನನ್ನದೇ ಕೈಬರಹದಲ್ಲಿ 'ಸ್ವ-ಇಚ್ಛೆಯಿಂದ' ಎಂದಿತ್ತು. ವರ್ಗಾವಣೆ ಪತ್ರದಲ್ಲಿ ಪುಸ್ತಕದಲ್ಲಿರುವುದನ್ನೇ ನಕಲು ಮಾಡಬೇಕು, ತಿದ್ದುವಂತಿಲ್ಲ. ಬರೆದು ಅವನ ಕೈಗಿತ್ತೆ. ಅವನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಆ ಸಾಲಿನವರೆಗೂ ಓದಿದ, ಮಡಚಿ ಜೇಬಿನಲ್ಲಿಟ್ಟುಕೊಂಡ. "ಬರ್ತೀನಿ ಸಾ, ಬಸ್ಸಿಗೆ ಹೊತ್ತಾಯ್ತು" ಎಂದ.