ನಾಸಿಕದಲ್ಲಿ ಹುಟ್ಟಿದ ಹಾಡುಗಾರ

ಮಕ್ಕಳು ಗಿಟಾರ್ ಹಿಡಿದರೆ ‘ಇದು ನಮ್ಮದಲ್ಲ’ ಎನ್ನುವ ಹಿರಿಯರು ದೇವಳಾಲಿ ಕ್ಯಾಂಪಿನಲ್ಲಿ ಇದ್ದಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಆದರೆ ಗಿಟಾರಿನೊಡನೆ ಕನ್ನಡ ಹಾಡಿ ಹೆಸರಾದ ರಘು ದೀಕ್ಷಿತರು ಹುಟ್ಟಿದ್ದು ಇಲ್ಲೇ ಪಕ್ಕದ ನಾಸಿಕದಲ್ಲಿ, 1974ರಲ್ಲಿ. ಬೆಳೆದದ್ದು ಮೈಸೂರಿನಲ್ಲಿ, ಕಲಿತದ್ದು ಭರತನಾಟ್ಯ ಮತ್ತು ಸೂಕ್ಷ್ಮಜೀವಿಶಾಸ್ತ್ರ. (ವಿಜ್ಞಾನ ಓದಿ ಕಡತ ಹೊರುವ ನನ್ನಂಥವನಿಗೆ ಇದೊಂದು ಸೋಜಿಗ!) ಗಿಟಾರ್ ಕಲಿತದ್ದು ಗೆಳೆಯನೊಡನೆ ಪಂಥ ಕಟ್ಟಿ.

1990ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ತಂಡ ‘ಅಂತರಾಗ್ನಿ’. ಧ್ವನಿಮುದ್ರಣ ಕಂಪನಿಗಳು ವರ್ಷಗಟ್ಟಲೆ ಒಪ್ಪಲಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಒಂದೇ ತಟ್ಟೆಯಲ್ಲಿ ಬಡಿಸಿದರೆ ಕೊಳ್ಳುವವರಾರು ಎಂಬುದು ಅವುಗಳ ತಕರಾರು. ತಂಡದವರು ವೇದಿಕೆಯಿಂದ ವೇದಿಕೆಗೆ ಹೋಗಿ ತಾವೇ ಕೇಳುಗರನ್ನು ಕೂಡಿಸಿಕೊಂಡರು. ನಡುವೆ ತಂಡ ಒಡೆಯಿತು. ದೀಕ್ಷಿತರು ಬೇರೆ ಹೆಸರಿನಲ್ಲಿ ಮತ್ತೆ ಕಟ್ಟಿದರು. ಕೊನೆಗೆ ಮುಂಬಯಿಯಲ್ಲಿ ಅವರನ್ನು ಕೇಳಿ ಮೆಚ್ಚಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ 2008ರಲ್ಲಿ ಧ್ವನಿಮುದ್ರಿಕೆ ಹೊರತಂದಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು.

ಆ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ (1819–1889) ತತ್ವಪದಗಳು ಎರಡಿವೆ: ಒಂದು ಸೋರುವ ಮಾಳಿಗೆಯದು, ಇನ್ನೊಂದು ಗುಡುಗುಡಿಯದು. ಸಿ. ಅಶ್ವಥ್ ಅವರ ಕಂಠಕ್ಕೆ ಒಗ್ಗಿದ ನನ್ನ ಕಿವಿಗೆ ಮೊದಲು ಇವು ಹಿಡಿಸಲಿಲ್ಲ. ಒಂದು ಸಂಜೆ, ಮನೆಯಲ್ಲೂ ಅರ್ಧ ಮರಾಠಿ ಆಡುವ ಮಗಳು ಇದೇ ಧಾಟಿಯಲ್ಲಿ ಪದ ಗುನುಗುತ್ತಾ, “ಅಪ್ಪಾ, ಮಾಳಿಗೆ ಅಂದರೇನು?” ಎಂದಳು. ಧಾರವಾಡದ ಕಡೆಯ ಮಣ್ಣಿನ ಮನೆಗಳನ್ನು ಬಣ್ಣಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.