ಕಂಪನಿಯ ನಾಡಿ ಹಿಡಿಯುವ ಅಕ್ಷರಗಳು

ನಿರ್ಣಾದ ರೈತ ತೊಗರಿ ಮೂಟೆಗಳೊಂದಿಗೆ ಹುಮನಾಬಾದಿನ ಅಡತಿ ಅಂಗಡಿಗೆ ಬಂದಾಗ ತಕ್ಕಡಿಯ ಜೊತೆಗೆ ಖಾತೆ ಪುಸ್ತಕವೂ ಹೊರಬರುತ್ತದೆ. ಕಳೆದ ಮುಂಗಾರಿಗೆ ಎಷ್ಟು ಉದ್ರಿ ಪಡೆದ, ಎಷ್ಟು ತೀರಿಸಿದ, ಅದಕ್ಕೂ ಹಿಂದಿನ ವರ್ಷ ಏನಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದು ಹಂಗಾಮಿನ ಮಳೆ ಕೈಕೊಟ್ಟಿತೆಂದು ಯಾರ ಹೆಸರೂ ಕೆಡುವುದಿಲ್ಲ. ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆದರೆ ಮಾತ್ರ ಸಾಹುಕಾರರ ಕೈ ಹಿಂದೆಗೆಯುತ್ತದೆ. ಹೀಗೆ ಕಾಲಕ್ರಮದಲ್ಲಿ ಗಳಿಸಿದ ನಂಬಿಕೆಗೆ 'ಪತ್ತು' ಎಂದು ಹೆಸರು. 'ಕೃಷಿ ಪತ್ತಿನ ಸಹಕಾರ ಸಂಘ' ಎಂಬ ಫಲಕದಲ್ಲಿರುವುದೂ ಇದೇ ಪದ.

ಊರಿನ ಪೇಟೆಯಲ್ಲಿ ಮುಖಪರಿಚಯವಿರುತ್ತದೆ. ಆದರೆ ಸಾವಿರಾರು ಜನರಿಂದ ಶೇರು ಹಣ ಸಂಗ್ರಹಿಸುವ, ಮುಖವೇ ಕಾಣದ ಕಂಪನಿಯ ಪತ್ತನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಸುಮಾರು ಎರಡು ಶತಮಾನಗಳಷ್ಟು ಹಳೆಯದು.

1837ರ ಆರ್ಥಿಕ ಕುಸಿತದಲ್ಲಿ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್ ಪೆಟ್ಟು ತಿಂದರು. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಮಾಹಿತಿಯನ್ನೇ ಮಾರಬಹುದೆಂದು ಅರಿತ ಅವರು 1841ರಲ್ಲಿ ಮರ್ಕೆಂಟೈಲ್ ಏಜೆನ್ಸಿ ಎಂಬ ಸಂಸ್ಥೆ ತೆರೆದರು. ಊರೂರಿನ ವಕೀಲರು, ವರ್ತಕರು ಅದಕ್ಕೆ ವರದಿ ಕಳುಹಿಸುತ್ತಿದ್ದರು. ಹಾಗೆ ವರದಿ ಬರೆದವರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ಕೂಡ ಒಬ್ಬರು. 1860ರಲ್ಲಿ ಹೆನ್ರಿ ವಾರ್ನಮ್ ಪೂರ್ ಅವರು ಅಮೆರಿಕದ ರೈಲು ಮತ್ತು ಕಾಲುವೆ ಕಂಪನಿಗಳ ಲೆಕ್ಕಪತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. 1909ರಲ್ಲಿ ಜಾನ್ ಮೂಡಿ ರೈಲ್ವೆ ಸಾಲಪತ್ರಗಳಿಗೆ ಅಕ್ಷರಗಳ ದರ್ಜೆ ನೀಡಿದರು. ನೂರಾರು ಪುಟಗಳ ಲೆಕ್ಕವನ್ನು ಒಂದೆರಡು ಅಕ್ಷರಗಳಲ್ಲಿ ಹೇಳುವ ಪದ್ಧತಿ ಅಲ್ಲಿಂದ ಬೆಳೆಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಾಲಪತ್ರದ ದರ್ಜೆ, ಕಂಪನಿ ಸಾಲ ತೀರಿಸೀತೇ ಎಂಬುದನ್ನು ಹೇಳುತ್ತದೆ. ಶೇರುದಾರನಿಗೆ ಬೇಕಾದದ್ದು ಬೇರೆ: ಗಳಿಕೆ ಸ್ಥಿರವಾಗಿದೆಯೇ, ಲಾಭಾಂಶ ತಪ್ಪದೆ ಬರುತ್ತದೆಯೇ? ಇದಕ್ಕಾಗಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ 1956ರಿಂದ ಶೇರುಗಳಿಗೇ ದರ್ಜೆ ನೀಡತೊಡಗಿತು. ಹಿಂದಿನ ಹತ್ತು ವರ್ಷಗಳ ಗಳಿಕೆ ಮತ್ತು ಲಾಭಾಂಶ ಅದರ ಆಧಾರ. ದರ್ಜೆ ಎ ಪ್ಲಸ್‌ನಿಂದ ಆರಂಭವಾಗಿ ದಿವಾಳಿಯನ್ನು ಸೂಚಿಸುವ ಡಿವರೆಗೆ ಇಳಿಯುತ್ತಿತ್ತು. ಒಂದು ವರ್ಷದ ಬಂಪರ್ ಲಾಭಕ್ಕಿಂತ ಹತ್ತು ವರ್ಷಗಳ ಸಮಸ್ಥಿತಿಗೆ ಇಲ್ಲಿ ಹೆಚ್ಚು ಬೆಲೆ. ಅಡತಿ ಅಂಗಡಿಯ ಖಾತೆ ಪುಸ್ತಕದ ತತ್ವವೂ ಇದೇ ತಾನೆ!

ಭಾರತದಲ್ಲಿ ಮೊದಲ ದರ್ಜೆ ನಿರ್ಣಯ ಸಂಸ್ಥೆ ಕ್ರಿಸಿಲ್ ಹುಟ್ಟಿದ್ದು 1987ರಲ್ಲಿ. 1991ರಲ್ಲಿ ಇಕ್ರಾ, 1993ರಲ್ಲಿ ಕೇರ್ ಬಂದವು. ಸಾರ್ವಜನಿಕ ಶೇರು ಮಾರಾಟಕ್ಕೆ ಬರುವ ಕಂಪನಿಗಳು ಐದು ಅಂಕಗಳ ದರ್ಜೆ ಪಡೆಯಲೇಬೇಕೆಂದು 2007ರಲ್ಲಿ ಸೆಬಿ ಕಡ್ಡಾಯ ಮಾಡಿತು. ಆದರೆ ಅದು ಮಾರಾಟದ ಹೊತ್ತಿನ ದರ್ಜೆ ಮಾತ್ರ. ಮುಂದಿನ ವರ್ಷಗಳಲ್ಲಿ ಕಂಪನಿ ಏರಿದರೂ ಇಳಿದರೂ ಅದು ಬದಲಾಗುತ್ತಿರಲಿಲ್ಲ. 2014ರಲ್ಲಿ ಈ ಕಡ್ಡಾಯವನ್ನು ಕೈಬಿಡಲಾಯಿತು.

ಮೊದಲ ದಿನದ ಅಂದಾಜು ಎಷ್ಟು ತಪ್ಪಬಹುದೆಂಬುದಕ್ಕೆ ಬೆಂಗಳೂರಿನ ಇನ್ಫೋಸಿಸ್ ಉದಾಹರಣೆ. 1993ರಲ್ಲಿ ಅದು 95 ರೂಪಾಯಿಗೆ ಶೇರು ಮಾರಲು ಹೊರಟಾಗ ಸಾಕಷ್ಟು ಕೊಳ್ಳುವವರೇ ಇರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಶೇರುಪೇಟೆಯಲ್ಲಿ ಅದರ ವಹಿವಾಟು ಆರಂಭವಾದದ್ದು 145 ರೂಪಾಯಿಗೆ. ಕಂಪನಿಯ ನಿಜವಾದ ಪತ್ತು ತಿಳಿದದ್ದು ನಂತರದ ವರ್ಷಗಳ ಲೆಕ್ಕಪತ್ರಗಳಿಂದ.

ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್ ಇದಕ್ಕೆ ವಿರುದ್ಧವಾದ ಪಾಠ. 2005ರಲ್ಲಿ ಹಾರಾಟ ಆರಂಭಿಸಿದ ಈ ಕಂಪನಿ ಒಂದೇ ಒಂದು ವರ್ಷವೂ ಲಾಭ ತೋರಿಸಲಿಲ್ಲ. ಹಾನಿಯ ಅಂಕಿಗಳು ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತಲೇ ಇದ್ದವು. ಆದರೂ 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಪೇಟೆಯ ಬೆಲೆಗಿಂತ ಹೆಚ್ಚಿನ ದರದಲ್ಲಿ ಶೇರುಗಳಾಗಿ ಪರಿವರ್ತಿಸಿಕೊಂಡವು. 2012ರ ಅಕ್ಟೋಬರ್‌ನಲ್ಲಿ ಕಂಪನಿಯ ಪರವಾನಗಿ ಅಮಾನತಾಯಿತು. ಇಲ್ಲಿ ಗುಟ್ಟೇನೂ ಇರಲಿಲ್ಲ. ವರ್ಷಗಳನ್ನು ಸಾಲಾಗಿ ಜೋಡಿಸಿ ಓದಬೇಕಿತ್ತು, ಅಷ್ಟೆ.

ಹಾಗೆಂದು ದರ್ಜೆಯನ್ನೂ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಸಿಗುವ ಹೈದರಾಬಾದಿನ ಸತ್ಯಂ ಕಂಪನಿ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿ ಪಡೆದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರು ವರ್ಷಗಳಿಂದ ಸುಳ್ಳು ಲೆಕ್ಕ ತೋರಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಸುಮಾರು 179 ರೂಪಾಯಿ ಇದ್ದ ಶೇರು ಒಂದೇ ದಿನದಲ್ಲಿ 40 ರೂಪಾಯಿಯ ಆಸುಪಾಸಿಗೆ ಕುಸಿಯಿತು. ಸುಮಾರು 91,000 ಕೋಟಿ ರೂಪಾಯಿ ಸಾಲದ ಐಎಲ್ ಅಂಡ್ ಎಫ್ಎಸ್ ಸಮೂಹ 2018ರ ಆಗಸ್ಟ್ ಹೊತ್ತಿಗೂ ಅತ್ಯುನ್ನತವಾದ 'ಎಎಎ' ದರ್ಜೆ ಹೊಂದಿತ್ತು. ಸೆಪ್ಟೆಂಬರ್‌ನಲ್ಲಿ ಅದು 'ಡಿ'ಗೆ ಇಳಿಯಿತು. ದರ್ಜೆ ನೀಡಿದ ಸಂಸ್ಥೆಗಳಿಗೆ 2019ರಲ್ಲಿ ಸೆಬಿ ದಂಡ ವಿಧಿಸಿತು. ದರ್ಜೆಯ ಶುಲ್ಕವನ್ನು ದರ್ಜೆ ಪಡೆಯುವ ಕಂಪನಿಯೇ ಕೊಡುವ ಪದ್ಧತಿ ಅಮೆರಿಕದಲ್ಲಿ 1970ರ ದಶಕದಲ್ಲಿ ಬೇರೂರಿತು. ಪರೀಕ್ಷೆಗೆ ಕುಳಿತವನೇ ಪರೀಕ್ಷಕನಿಗೆ ಸಂಭಾವನೆ ಕೊಟ್ಟಂತೆ ಇದು ಎಂಬ ಟೀಕೆ ಇಂದಿಗೂ ನಿಂತಿಲ್ಲ.

ಈ ಮಾತೆಲ್ಲ ಮುಂಬೈ, ಬೆಂಗಳೂರಿನವರಿಗೆ ಮಾತ್ರ ಎಂದು ನಿರ್ಣಾದವರು ತಳ್ಳಿಹಾಕುವಂತಿಲ್ಲ. ಇಲ್ಲಿನ ರೈತರ ಶೇರು ಹಣ ಸಹಕಾರ ಸಂಘಗಳಲ್ಲಿದೆ. ಬೀದರ್ ಜಿಲ್ಲೆಯ ಕೇಂದ್ರ ಸಹಕಾರ ಬ್ಯಾಂಕ್ 1922ರಷ್ಟು ಹಳೆಯದು. ಸಹಕಾರಿ ಶೇರಿಗೂ ಕಂಪನಿ ಶೇರಿಗೂ ಒಂದು ದೊಡ್ಡ ಭೇದವಿದೆ. ಕಂಪನಿ ಸೊರಗಿದರೆ ಪೇಟೆಯಲ್ಲಿ ಶೇರಿನ ಬೆಲೆ ಇಳಿದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಸಹಕಾರಿ ಶೇರು ಪೇಟೆಯಲ್ಲಿ ಮಾರಾಟವಾಗುವುದಿಲ್ಲ. ನೂರು ರೂಪಾಯಿಯ ಶೇರು, ಸಂಘ ಗಟ್ಟಿಯಾಗಿದ್ದರೂ ಟೊಳ್ಳಾಗಿದ್ದರೂ, ಕಾಗದದ ಮೇಲೆ ನೂರು ರೂಪಾಯಿಯೇ!

ಆದ್ದರಿಂದ ಇಲ್ಲಿ ನಾಡಿ ನೋಡಲು ಉಳಿಯುವುದು ಲೆಕ್ಕ ಪರಿಶೋಧನೆಯ ನಂತರ ಸಂಘಕ್ಕೆ ಸಿಗುವ ಎ, ಬಿ, ಸಿ, ಡಿ ವರ್ಗೀಕರಣ ಮತ್ತು ಮಹಾಸಭೆಯ ಮುಂದೆ ಇಡುವ ಅಢಾವೆ ಪತ್ರಿಕೆ. ಈ ವರ್ಷ 'ಬಿ' ಎಂಬುದಷ್ಟೇ ತಿಳಿದರೆ ಸಾಲದು. ಹೋದ ವರ್ಷ 'ಎ' ಇದ್ದು 'ಬಿ'ಗೆ ಇಳಿದ ಸಂಘವೂ, 'ಸಿ'ಯಿಂದ 'ಬಿ'ಗೆ ಏರಿದ ಸಂಘವೂ ಒಂದೇ ಅಲ್ಲ. ಸುಸ್ತಿ ಸಾಲ ಹೆಚ್ಚಿತೇ, ಕಾಯ್ದಿಟ್ಟ ನಿಧಿ ಕರಗಿತೇ, ಲಾಭಾಂಶ ನಿಂತು ಎಷ್ಟು ವರ್ಷವಾಯಿತು ಎಂಬುದನ್ನು ನಾಲ್ಕೈದು ವರ್ಷಗಳ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮಹಾಸಭೆಗಳಲ್ಲಿ ವರದಿಯ ಪುಸ್ತಕ ಹಂಚಿ, ಅಂಕಿಅಂಶ ಓದಿ, ಅನುಮೋದನೆಗೆ ಕೈ ಎತ್ತಿಸುವುದು ವಾಡಿಕೆ. ಕೈ ಎತ್ತುವ ಮೊದಲು ಹಿಂದಿನ ವರ್ಷದ ಪುಸ್ತಕವನ್ನೂ ತೆರೆದು ನೋಡುವ ಸದಸ್ಯ, ಟಪ್ಪನ್ ಮತ್ತು ಮೂಡಿ ಮಾಡಿದ ಕೆಲಸವನ್ನೇ ತನ್ನ ಊರಿನಲ್ಲಿ ಮಾಡುತ್ತಾನೆ. ಅಡತಿ ಅಂಗಡಿಯವರು ರೈತನ ಹಳೆಯ ಪುಟಗಳನ್ನು ತಿರುವಿ ನೋಡದೆ ಉದ್ರಿ ಕೊಡುವುದಿಲ್ಲ. ರೈತನೂ ತನ್ನ ಹಣ ಇಟ್ಟ ಸಂಸ್ಥೆಯ ಹಳೆಯ ಪುಟಗಳನ್ನು ಹಾಗೆಯೇ ತಿರುವಿ ನೋಡುವುದು ನ್ಯಾಯವಲ್ಲವೇ?