ತಂದೆ ಹೇಳಿದ ಪಾಠ, ಮಗ ತೆರೆದ ಬಾಗಿಲು



ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ನೋಡಲು ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಗಣಕಜಾಲಗಳ ಭದ್ರತೆಯನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಕಾಫಿ ಕುಡಿಯುತ್ತ ಮೇಜಿನ ಮೇಲಿದ್ದ ನನ್ನ ಗಣಕಯಂತ್ರದತ್ತ ನೋಡಿ, "ಸಾರ್, ನಿಮ್ಮ ಪಾಸ್‌ವರ್ಡ್ ಏನೆಂದು ಹೇಳಬೇಡಿ, ಅದು ಯಾವ ಬಗೆಯದು ಎಂದಷ್ಟೇ ಹೇಳಿ" ಎಂದ. ನಾನು ಸ್ವಲ್ಪ ಹೆಮ್ಮೆಯಿಂದಲೇ, ನನ್ನ ಹೆಸರನ್ನು ಹಿಂದುಮುಂದಾಗಿ ಬರೆದಿದ್ದೇನೆ, ಯಾರಿಗೂ ಹೊಳೆಯಲಾರದು ಎಂದೆ. ಅವನು ತಲೆ ತಗ್ಗಿಸಿ ನಕ್ಕ. "ಸಾರ್, ಇದು 1988ರಲ್ಲೇ ಒಂದು ಹುಳುವಿಗೆ ಹೊಳೆದಿತ್ತು!"

ತರಗತಿಯಲ್ಲಿ ಉತ್ತರ ತಪ್ಪಿದ ಹುಡುಗನ ಹಾಗಾಯಿತು ನನ್ನ ಸ್ಥಿತಿ. ಅದೇ ಒಂದು ಗುಪ್ತಪದದ ಹಿಂದೆ ನನ್ನ ಪಿಂಚಣಿಯ ಖಾತೆಯಿತ್ತು. ಮಿಂಚಂಚೆಯೂ ಇತ್ತು. ನಿಮ್ಮಲ್ಲಿ ನೂರಾರು ಜನರ ವಿಳಾಸ, ದೂರವಾಣಿ ಸಂಖ್ಯೆಗಳ ಪಟ್ಟಿಯೂ ಇತ್ತು. ಆ ಹುಳುವಿನ ಕಥೆಯನ್ನು ಅಂದು ಅವನು ಅರ್ಧ ಹೇಳಿದ, ಉಳಿದರ್ಧವನ್ನು ನಾನು ಓದಿ ತಿಳಿದುಕೊಂಡೆ. ಇತಿಹಾಸದ ಮೇಷ್ಟರಿಗೆ ಹೊಸ ವಿಷಯ ಯಾವುದಾದರೂ ಇತಿಹಾಸದ ದಾರಿಯಿಂದಲೇ ತಲೆಗೆ ಹತ್ತುವುದು.

ಕಥೆ ಆರಂಭವಾಗುವುದು ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ. 'ಯುನಿಕ್ಸ್' ಎಂಬ ಪ್ರಸಿದ್ಧ ಕಾರ್ಯಾಚರಣ ವ್ಯವಸ್ಥೆ ರೂಪುಗೊಂಡದ್ದು ಅಲ್ಲಿಯೇ. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲ ಅದು. ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯದಿರಲು ಪ್ರತಿಯೊಬ್ಬರಿಗೂ ಒಂದು ಗುಪ್ತಪದ. ಆದರೆ ಆ ಗುಪ್ತಪದಗಳ ಪಟ್ಟಿಯನ್ನು ಯಂತ್ರ ಎಲ್ಲಿಡಬೇಕು? ಇದ್ದದ್ದನ್ನು ಇದ್ದಂತೆಯೇ ಬರೆದಿಟ್ಟರೆ, ಆ ಪಟ್ಟಿ ಕೈಗೆ ಸಿಕ್ಕವನಿಗೆ ಎಲ್ಲವೂ ಸಿಕ್ಕಂತೆ. ಅಲ್ಲಿದ್ದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ಇಬ್ಬರು ಇದಕ್ಕೆ ಕಂಡುಕೊಂಡ ಪರಿಹಾರವನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ರಾಗಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ರಾಗಿ ಮಾಡಲಾಗದು. ಗುಪ್ತಪದವನ್ನು ಗಣಿತದ ಬೀಸುಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಪಟ್ಟಿಯಲ್ಲಿಟ್ಟರು. ನೀವು ಗುಪ್ತಪದ ಕೊಟ್ಟಾಗಲೆಲ್ಲ ಯಂತ್ರ ಅದನ್ನು ಹೊಸದಾಗಿ ಬೀಸಿ, ಹಿಟ್ಟಿಗೆ ಹಿಟ್ಟು ಹೋಲುತ್ತದೆಯೇ ಎಂದು ನೋಡುತ್ತದೆ, ಅಷ್ಟೇ. ಇಬ್ಬರು ಒಂದೇ ಪದ ಇಟ್ಟುಕೊಂಡಿದ್ದರೂ ಹಿಟ್ಟು ಬೇರೆಬೇರೆಯಾಗಿ ಕಾಣಲೆಂದು ಪ್ರತಿಯೊಂದಕ್ಕೂ ಚಿಟಿಕೆ ಉಪ್ಪು ಸೇರಿಸಿದರು. ತಮಾಷೆಯಲ್ಲ, ತಂತ್ರಜ್ಞರು ಅದನ್ನು ಇಂದಿಗೂ 'ಸಾಲ್ಟ್' ಎಂದೇ ಕರೆಯುತ್ತಾರೆ. ಆಗಿನ ಪದ್ಧತಿಯಲ್ಲಿ ಒಂದೇ ಪದಕ್ಕೆ 4096 ಬಗೆಯ ಹಿಟ್ಟು ಸಾಧ್ಯವಿತ್ತು. ಬೀಸುಕಲ್ಲು ಬೇಕೆಂದೇ ನಿಧಾನವಾಗಿ ತಿರುಗುವಂತೆಯೂ ಮಾಡಿದರು. ಒಂದು ಸಲ ಬೀಸುವವನಿಗೆ ಅದು ತೊಂದರೆಯಲ್ಲ, ಊಹಿಸಿ ಊಹಿಸಿ ಸಾವಿರ ಸಲ ಬೀಸುವ ಕಳ್ಳನಿಗೆ ಮಾತ್ರ ಕಷ್ಟ.

ಇಷ್ಟೆಲ್ಲ ಮಾಡಿದ ಮೇಲೆ ಅವರು 1979ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿರುವ ಒಂದು ಲೆಕ್ಕ ನನ್ನನ್ನು ಬೆರಗುಗೊಳಿಸಿತು. ಬಳಕೆದಾರರ 3,289 ಗುಪ್ತಪದಗಳನ್ನು ಒಟ್ಟುಗೂಡಿಸಿ ನೋಡಿದಾಗ ಹದಿನೈದು ಜನ ಒಂದೇ ಒಂದು ಅಕ್ಷರ ಇಟ್ಟುಕೊಂಡಿದ್ದರು! ಎಪ್ಪತ್ತೆರಡು ಜನ ಎರಡು ಅಕ್ಷರ. ಇನ್ನು ಹಲವರದು ನಿಘಂಟಿನಲ್ಲಿ, ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು. ಒಟ್ಟಿನಲ್ಲಿ 2,831, ಅಂದರೆ ಶೇಕಡ 86ರಷ್ಟು, ಸುಲಭವಾಗಿ ಊಹಿಸಬಹುದಾದವು. ಬೀಗ ಎಷ್ಟು ಗಟ್ಟಿಯಾದರೇನು, ಬೀಗದ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟು ಹೋದರೆ?

ಪ್ರಬಂಧ ಪ್ರಕಟವಾಯಿತು, ಬಲ್ಲವರು ಓದಿದರು. ಆದರೆ ಹೋಂವರ್ಕ್ ಮಾಡಿದವರು ಕಡಿಮೆ. 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಖಗೋಳಶಾಸ್ತ್ರಜ್ಞ ಕ್ಲಿಫರ್ಡ್ ಸ್ಟಾಲ್ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡು, ಬಿಡದೆ ಬೆನ್ನುಹತ್ತಿ, ಜರ್ಮನಿಯ ಹ್ಯಾನೋವರಿನಿಂದ ನುಸುಳುತ್ತಿದ್ದವನನ್ನು ಪತ್ತೆಹಚ್ಚಿದ. ಆ ಕಳ್ಳ ಅಮೆರಿಕದ ಸೇನೆಯ ಗಣಕಗಳಿಗೂ ಕೈಹಾಕಿದ್ದ. ಕೆಲವು ಕಡೆ ಯಂತ್ರ ಕಾರ್ಖಾನೆಯಿಂದ ಬಂದಾಗ ಇದ್ದ ಗುಪ್ತಪದವನ್ನೇ ಯಾರೂ ಬದಲಾಯಿಸಿರಲಿಲ್ಲ. ಸ್ಟಾಲ್ ಈ ಸಾಹಸವನ್ನು ಪುಸ್ತಕವಾಗಿಯೇ ಬರೆದಿದ್ದಾನೆ. ನಾನು ಮಾರಿಸ್ ಮನೆತನಕ್ಕೆ ಮರಳುತ್ತೇನೆ.

ಬೆಲ್ ಪ್ರಯೋಗಾಲಯ ಬಿಟ್ಟ ರಾಬರ್ಟ್ ಮಾರಿಸ್ 1986ರಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಭದ್ರತಾ ಸಂಸ್ಥೆ ಸೇರಿದ್ದ. ಅವನ ಮಗನ ಹೆಸರೂ ರಾಬರ್ಟ್, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. 1988ರ ನವೆಂಬರ್ 2ರ ಸಂಜೆ ಆ ಹುಡುಗ ತಾನು ಬರೆದ ಪುಟ್ಟ ತಂತ್ರಾಂಶವೊಂದನ್ನು ಅಂತರ್ಜಾಲಕ್ಕೆ ಬಿಟ್ಟ. ತನ್ನ ಗುರುತು ಸಿಗದಿರಲೆಂದು ಅದನ್ನು ಕಾರ್ನೆಲ್‌ನಿಂದಲ್ಲ, ಎಂ.ಐ.ಟಿ.ಯ ಗಣಕವೊಂದರಿಂದ ಬಿಟ್ಟ. ಯಾರ ಸಹಾಯವೂ ಇಲ್ಲದೆ ತಾನೇ ಒಂದು ಯಂತ್ರದಿಂದ ಇನ್ನೊಂದಕ್ಕೆ ತೆವಳಿ ಹರಡುವುದರಿಂದ ಅಂಥದ್ದಕ್ಕೆ 'ಹುಳು' ಎಂದು ಹೆಸರು.

ಹುಳು ಒಳಹೊಕ್ಕ ಬಾಗಿಲುಗಳನ್ನು ನೋಡಿದರೆ ಜಾಲಭದ್ರತೆಯ ಮೊದಲ ಪಾಠಗಳೆಲ್ಲ ಅಲ್ಲೇ ಇವೆ. ಅಂಚೆ ಸಾಗಿಸುವ 'ಸೆಂಡ್‌ಮೇಲ್' ತಂತ್ರಾಂಶದಲ್ಲಿ, ತಯಾರಿಸುವವರು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದು ಕಳ್ಳಬಾಗಿಲು ಮುಚ್ಚದೆ ಉಳಿದಿತ್ತು. 'ಫಿಂಗರ್' ಎಂಬ ಇನ್ನೊಂದು ಸೇವೆ ಹೊರಗಿನಿಂದ ಬಂದ ಪ್ರಶ್ನೆಗೆ 512 ಅಕ್ಷರಗಳ ಜಾಗ ಮಾತ್ರ ಇಟ್ಟುಕೊಂಡಿತ್ತು, ಬಂದದ್ದು ಎಷ್ಟು ಉದ್ದವಿದೆ ಎಂದು ಅಳೆಯುತ್ತಲೇ ಇರಲಿಲ್ಲ. ಹುಳು 536 ಅಕ್ಷರ ಕಳಿಸಿತು. ಸೇರಿಗೆ ಸೇರುವರೆ ಸುರಿದಂತೆ! ಹೆಚ್ಚಾಗಿ ಚೆಲ್ಲಿದ್ದು ಯಂತ್ರದ ಸ್ಮೃತಿಯಲ್ಲಿ ಬೀಳಬಾರದ ಜಾಗದಲ್ಲಿ ಬಿದ್ದು, ಯಂತ್ರ ಹುಳುವಿನ ಆಜ್ಞೆಯನ್ನೇ ಪಾಲಿಸತೊಡಗಿತು. ಮೂರನೆಯದು ನಂಬಿಕೆಯ ಬಾಗಿಲು. ಪಕ್ಕದ ಮನೆಯವರು ಬಂದರೆ ಕದ ತಟ್ಟಬೇಕಾಗಿಲ್ಲ ಎಂಬಂತೆ, ಪರಿಚಿತ ಗಣಕಗಳ ನಡುವೆ ಗುಪ್ತಪದವನ್ನೇ ಕೇಳದ ಪದ್ಧತಿಯಿತ್ತು. ಒಂದು ಮನೆಗೆ ಹೊಕ್ಕ ಹುಳುವಿಗೆ ಕೇರಿಯೇ ತೆರೆದುಕೊಂಡಿತು.

ನಾಲ್ಕನೆಯದು, ತಂದೆ ಒಂಬತ್ತು ವರ್ಷ ಮೊದಲೇ ತೋರಿಸಿಕೊಟ್ಟಿದ್ದ ಬಾಗಿಲು. ಬೀಸಿದ ಹಿಟ್ಟಿನ ಪಟ್ಟಿ ಆಗ ಯಂತ್ರದಲ್ಲಿ ಎಲ್ಲರಿಗೂ ಓದಲು ಸಿಗುತ್ತಿತ್ತು. ಹುಳು ಅದನ್ನು ಎದುರಿಗಿಟ್ಟುಕೊಂಡು ಒಂದೊಂದೇ ಊಹೆಯನ್ನು ಬೀಸಿ ನೋಡಿತು. ಮೊದಲು ಬಳಕೆದಾರನ ಹೆಸರು. ಬಳಿಕ ಅದೇ ಹೆಸರು ಎರಡು ಸಲ. ಬಳಿಕ ಅದೇ ಹೆಸರು ಹಿಂದುಮುಂದಾಗಿ (ಓದುವಾಗ ಇಲ್ಲಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ). ಅನಂತರ ತನ್ನಲ್ಲೇ ಹೊತ್ತು ತಂದಿದ್ದ 432 ಪದಗಳ ಪಟ್ಟಿ, ಅದೂ ಸಾಲದಿದ್ದರೆ ಆ ಯಂತ್ರದಲ್ಲೇ ಇದ್ದ ನಿಘಂಟು. ತಂದೆಯ ಬೀಸುಕಲ್ಲಿನಲ್ಲಿ ದೋಷವಿರಲಿಲ್ಲ, ಅದಕ್ಕೆ ಜನ ಹಾಕುತ್ತಿದ್ದ ಕಾಳೇ ಸೊಳ್ಳಾಗಿತ್ತು.

ಹುಳು ಯಾರ ಕಡತವನ್ನೂ ಅಳಿಸಲಿಲ್ಲ. ಆದರೂ ಅನಾಹುತವಾಯಿತು, ಕಾರಣ ಒಂದು ಸಣ್ಣ ಲೆಕ್ಕ. ಹೊಸ ಯಂತ್ರಕ್ಕೆ ಹೊಕ್ಕಾಗ 'ಇಲ್ಲಿ ಈಗಾಗಲೇ ಹುಳು ಇದೆಯೇ?' ಎಂದು ಕೇಳಿ, ಇದ್ದರೆ ಒಂದು ಸುಮ್ಮನಾಗುವಂತೆ ಹುಡುಗ ಬರೆದಿದ್ದ. ಯಂತ್ರದ ಯಜಮಾನರು 'ಇದೆ' ಎಂದು ಸುಳ್ಳು ಹೇಳಿಸಿ ತಡೆದುಬಿಟ್ಟರೆ? ಅದಕ್ಕಾಗಿ ಏಳರಲ್ಲಿ ಒಂದು ಸಲ ಉತ್ತರ ಏನೇ ಬರಲಿ, ಉಳಿದೇ ತೀರುವಂತೆ ಮಾಡಿದ. ಏಳರಲ್ಲಿ ಒಂದು ಬಹಳ ಹೆಚ್ಚಾಯಿತು. ಒಂದೊಂದು ಯಂತ್ರದಲ್ಲೂ ಹತ್ತಾರು ಹುಳುಗಳು ಸೇರಿ, ಬೇರೆ ಯಾವ ಕೆಲಸವೂ ನಡೆಯದೆ ಯಂತ್ರಗಳು ಸ್ತಬ್ಧವಾದವು. ಆಗ ಅಂತರ್ಜಾಲದಲ್ಲಿದ್ದವು ಸುಮಾರು 60,000 ಗಣಕಗಳು. ಅವುಗಳಲ್ಲಿ 6,000ಕ್ಕೆ ತಗುಲಿತೆಂದು ಅಂದಾಜು ಪ್ರಚಾರವಾಯಿತು. ಹೆದರಿದ ಹುಡುಗ ಹಾರ್ವರ್ಡ್‌ನಲ್ಲಿದ್ದ ಗೆಳೆಯನಿಗೆ ತಿಳಿಸಿದ. ಗೆಳೆಯ ಕ್ಷಮೆ ಬೇಡಿ, ಹುಳುವನ್ನು ತಡೆಯುವ ಬಗೆಯನ್ನು ವಿವರಿಸಿ, ಹೆಸರು ಹಾಕದೆ ಒಂದು ಸಂದೇಶ ಕಳಿಸಿದ. ಆದರೆ ಹುಳುವಿನಿಂದಾಗಿ ಜಾಲವೇ ಕಟ್ಟಿಕೊಂಡಿದ್ದರಿಂದ ಅದು ಸಕಾಲಕ್ಕೆ ತಲುಪಲೇ ಇಲ್ಲ!

ಬರ್ಕ್‌ಲಿ, ಪರ್ಡ್ಯೂ, ಎಂ.ಐ.ಟಿ.ಗಳಲ್ಲಿ ಜನ ಹಗಲೂ ರಾತ್ರಿ ಕುಳಿತು ಹುಳುವನ್ನು ಬಿಚ್ಚಿ ನೋಡಿ ಬಾಗಿಲುಗಳನ್ನು ಮುಚ್ಚಿದರು. ಅದೇ ತಿಂಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ವಿಪತ್ತಿಗೆ ಓಗೊಡುವ 'ಸರ್ಟ್' ತಂಡ ಹುಟ್ಟಿತು. ನಮ್ಮ ದೇಶದಲ್ಲಿ 2004ರಿಂದ ಕೆಲಸ ಮಾಡುತ್ತಿರುವ 'ಸರ್ಟ್-ಇನ್' ಅದೇ ಮಾದರಿಯದು. ಗುಪ್ತಪದಗಳ ಹಿಟ್ಟನ್ನು ಎಲ್ಲರ ಕಣ್ಣಿಗೂ ಬೀಳದಂತೆ ಬೇರೆ ಕಡತದಲ್ಲಿಡುವ ಪದ್ಧತಿಯೂ ಮುಂದೆ ರೂಢಿಗೆ ಬಂತು.

1990ರಲ್ಲಿ ನ್ಯಾಯಾಲಯ ಮಗನಿಗೆ ಸೆರೆವಾಸ ವಿಧಿಸದೆ, ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಿತು. ಅವನು ಓದು ಮುಗಿಸಿ, ಹುಳುವನ್ನು ಬಿಟ್ಟಿದ್ದ ಅದೇ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕನಾದ. ಇದನ್ನು ಓದಿ ನನಗೆ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಪ್ರಯೋಗಾಲಯದ ಗಾಜು ಒಡೆದ ಹುಡುಗರನ್ನು ಶಾಲೆಯಿಂದಲೇ ಹೊರಹಾಕಬೇಕೆನ್ನುವವರೊಡನೆ ನಾನು ಎಷ್ಟೋ ಸಲ ವಾದ ಮಾಡಿದವನು. ಆದರೆ ಆ ಎರಡು ಮೂರು ದಿನ ನಿದ್ರೆಗೆಟ್ಟ ಸಾವಿರಾರು ಜನ ನನ್ನ ಮಾತನ್ನು ಒಪ್ಪುತ್ತಿದ್ದರೋ ಇಲ್ಲವೋ. ತಂದೆ 2011ರಲ್ಲಿ ತೀರಿಕೊಂಡ.

ಅಂದಹಾಗೆ, ಶಿಷ್ಯನ ಎದುರಿಗೇ ನನ್ನ ಗುಪ್ತಪದವನ್ನು ಬದಲಾಯಿಸಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಸೇರಿಸಿ ಉದ್ದವಾಗಿ ಬರೆಯಿರಿ, ಪಿಂಚಣಿಯ ಖಾತೆಗೆ ಬೇರೆ, ಮಿಂಚಂಚೆಗೆ ಬೇರೆ ಇಡಿ ಎಂದು ಹೇಳಿಕೊಟ್ಟು, ನಾನು ಟೈಪ್ ಮಾಡುವಾಗ ಮುಖ ಕಿಟಕಿಯ ಕಡೆ ತಿರುಗಿಸಿ ನಿಂತ. ಮರೆತರೇನು ಗತಿ ಎಂದು ಕೇಳಿದ್ದಕ್ಕೆ, "ಕಾಗದದಲ್ಲಿ ಬರೆದು ಭದ್ರವಾಗಿಡಿ ಸಾರ್, ಜಾಲದ ಕಳ್ಳ ನಿಮ್ಮ ಬೀರುವಿಗೆ ಬರಲಾರ" ಎಂದ. ನನ್ನಾಕೆ ಆ ಚೀಟಿಯನ್ನು ತೆಗೆದಿಟ್ಟಿದ್ದಾಳೆ. ಎಲ್ಲಿ ಎಂದು ನನಗೂ ಹೇಳಿಲ್ಲ.